ಬ್ರಿಕ್ಸ್‌ಟನ್ ಅಸ್ಟೋರಿಯಾ: ಟಾಕೀಸು ಹಾಡಿನ ಮನೆಯಾದ ಕಥೆ, ಜೊತೆಗೆ ಅದರ ನಾಲ್ವರು ಅಕ್ಕತಂಗಿಯರ ಪಾಡು

ಥೇಮ್ಸ್‌ದಂಡೆ:

ಎಲ್ಲರಿಗೂ ನಮಸ್ಕಾರ. ಹಳೇ ಟಾಕೀಸುಗಳ ಬಗ್ಗೆ ಇಲ್ಲಿ ಎಷ್ಟೋ ಸಲ ಮಾತಾಗಿದೆ. ಹೆಚ್ಚಿನ ಕಥೆಗಳ ಕೊನೆ ಒಂದೇ. ಬಾಗಿಲು ಹಾಕಿದರು, ಒಡೆದರು, ಮೇಲೆ ಮಾಲ್ ಎದ್ದಿತು. ಒಡೆಯದೆ ಉಳಿದ ಒಂದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ನಾನಿರುವುದು ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ. ಮನೆಯಿಂದ ಟ್ಯೂಬ್ ಸ್ಟೇಷನ್ನಿಗೆ ನಡೆಯುವಾಗ ಸ್ಟಾಕ್‌ವೆಲ್ ರಸ್ತೆಯಲ್ಲಿ ಒಂದು ದೊಡ್ಡ ಕಟ್ಟಡ ಸಿಗುತ್ತದೆ. ಮುಂದೆ ಅರ್ಧಗೋಲದ ಗುಮ್ಮಟ. ಕೆಳಗೆ ಸಾಲು ಬಾಗಿಲು. ಈಗ ಅದರ ಹೆಸರು ಬ್ರಿಕ್ಸ್‌ಟನ್ ಅಕಾಡೆಮಿ. ಹುಟ್ಟಿದಾಗ ಇಟ್ಟ ಹೆಸರು ಅಸ್ಟೋರಿಯಾ.

ಬಾಗಿಲು ತೆರೆದದ್ದು 1929ರ ಆಗಸ್ಟ್ 19ರಂದು. ಮೂಕಿ ಹೋಗಿ ಟಾಕಿ ಬರುತ್ತಿದ್ದ ಹೊತ್ತು ಅದು. ಮೊದಲ ದಿನ ಹಾಕಿದ್ದು ಅಲ್ ಜೋಲ್ಸನ್ ಹಾಡಿದ್ದ ಟಾಕಿ. ಈ ಮನೆಯ ಗೃಹಪ್ರವೇಶವೇ ಹಾಡಿನಿಂದ ಆಗಿದೆ. ಅದು ನನಗೆ ತುಂಬಾ ಇಷ್ಟವಾದ ಸಂಗತಿ.

ಕಟ್ಟಿಸಿದ ವಾಸ್ತುಶಿಲ್ಪಿ ಎಡ್ವರ್ಡ್ ಸ್ಟೋನ್. ಆ ಕಾಲದಲ್ಲಿ ಅಮೆರಿಕದಿಂದ ಬಂದ ಒಂದು ಹೊಸ ಗೀಳು ಇತ್ತು, ಅದಕ್ಕೆ 'ಅಟ್ಮಾಸ್ಫಿಯರಿಕ್' ಥಿಯೇಟರ್ ಅನ್ನುತ್ತಿದ್ದರು. ಜಾನ್ ಎಬರ್ಸನ್ ಎಂಬ ವಾಸ್ತುಶಿಲ್ಪಿ 1923ರಲ್ಲಿ ಹ್ಯೂಸ್ಟನ್ನಿನಲ್ಲಿ ಕಟ್ಟಿದ ಮೆಜೆಸ್ಟಿಕ್ ಥಿಯೇಟರಿನಿಂದ ಅದು ಜೋರಾಗಿ ಹಬ್ಬಿತು. ಸೂರನ್ನು ಸೂರಿನ ಹಾಗೆ ತೋರಿಸುವುದೇ ಇಲ್ಲ. ಬಳುಕಿದ ನುಣುಪು ಗಾರೆ, ಅದಕ್ಕೆ ಇರುಳಿನ ನೀಲಿ. ಬೆಳಕಿನ ಬಲ್ಬೆಲ್ಲ ಗೋಡೆಯ ಮರೆಯಲ್ಲಿ. ಪಕ್ಕದ ಗೋಡೆಗಳ ಮೇಲೆ ಗಾರೆಯಲ್ಲೇ ಮಾಡಿದ ಮನೆ, ಕಂಬ, ಮರಗಳು. ಕೂತವರಿಗೆ ಇಟಲಿಯ ತೋಟವೊಂದರಲ್ಲಿ ರಾತ್ರಿ ಹೊತ್ತು ಬಯಲಲ್ಲಿ ಕೂತ ಹಾಗೆ ಅನಿಸಬೇಕು. ವೇದಿಕೆಯ ಮೇಲಿನ ಕಮಾನು ವೆನಿಸ್ಸಿನ ರಿಯಾಲ್ಟೊ ಸೇತುವೆಯಂತೆ ಇದೆ ಅಂತ ಇಲ್ಲಿನವರು ಹೇಳುತ್ತಾರೆ.

ಬ್ರಿಕ್ಸ್‌ಟನ್ ಆಗ ಗಿಜಿಗುಡುವ ಪೇಟೆ. ಕರೆಂಟ್ ದೀಪ ಹಾಕಿದ ಮೊದಲ ಮಾರುಕಟ್ಟೆ ಬೀದಿಗಳಲ್ಲಿ ಒಂದಾದ ಎಲೆಕ್ಟ್ರಿಕ್ ಅವೆನ್ಯೂ ಇರುವುದು ಇಲ್ಲೇ. ಕಾರ್ಖಾನೆ, ಅಂಗಡಿ ಕೆಲಸ ಮುಗಿಸಿ ಬಂದ ಜನ ಕೆಲವು ಪೆನ್ನಿ ಕೊಟ್ಟು ಎರಡು ಮೂರು ಗಂಟೆ ಇಟಲಿಯಲ್ಲಿ ಇದ್ದು ಬರುತ್ತಿದ್ದರು. ಚಳಿಗಾಲದಲ್ಲಿ ಮನೆಗಿಂತ ಅಲ್ಲೇ ಬೆಚ್ಚಗೆ.

ಅದು ಹಾಡಿನ ಮನೆ ಆದದ್ದು ಹೇಗೆ ಅಂತ ಮುಂದೆ ಬರೆಯುತ್ತೇನೆ. ಯಾರಾದರೂ ಒಳಗೆ ಹೋಗಿದ್ದರೆ ನೀವೂ ಹೇಳಿ.

ಗಾಂಧಿಕ್ಲಾಸ್:

ಸರ್, ಓದುತ್ತಾ ಓದುತ್ತಾ ನಮ್ಮೂರಿನ ಟಾಕೀಸು ಕಣ್ಣ ಮುಂದೆ ಬಂತು. ತಗಡಿನ ಸೂರು, ಮುಂದೆ ಬೆಂಚು, ಮಳೆ ಬಂದರೆ ಡೈಲಾಗ್ ಕೇಳಿಸುತ್ತಿರಲಿಲ್ಲ. ಆದರೂ ಒಳಗೆ ಕೂತರೆ ಬೇರೆ ಲೋಕವೇ.

ಎರಡು ಪ್ರಶ್ನೆ. ಒಂದು, ಸಿನಿಮಾ ತೋರಿಸಲು ಒಂದು ಪರದೆ ಸಾಕಲ್ವಾ? ಬ್ಯಾಂಡಿನವರು ನಿಂತು ಬಾರಿಸುವಷ್ಟು ದೊಡ್ಡ ವೇದಿಕೆ ಅಲ್ಲಿ ಹೇಗೆ ಬಂತು? ಆಮೇಲೆ ಕಟ್ಟಿದರಾ? ಎರಡು, ಜಿಮಿ ಹೆಂಡ್ರಿಕ್ಸ್ ಮೊದಲ ಸಲ ಗಿಟಾರಿಗೆ ಬೆಂಕಿ ಇಟ್ಟದ್ದು ಲಂಡನ್ನಿನ ಅಸ್ಟೋರಿಯಾದಲ್ಲಿ ಅಂತ ಎಲ್ಲೋ ಓದಿದ್ದೆ. ಅದು ಇದೇನಾ?

ಮಿಕ್ಸರ್‌ಮೇಜು:

ವೇದಿಕೆ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಸೌಂಡ್ ಕೆಲಸ ನನ್ನದು. ಹಳೇ ಥಿಯೇಟರಿನ ಕಾರ್ಯಕ್ರಮ ಅಂದರೆ ನಾನೇ ಕೇಳಿ ಹಾಕಿಸಿಕೊಳ್ಳುತ್ತೇನೆ.

ವೇದಿಕೆ ಆಮೇಲೆ ಬಂದದ್ದಲ್ಲ, ಮೊದಲಿನಿಂದಲೇ ಇತ್ತು. 1920ರ ದಶಕದ ದೊಡ್ಡ ಥಿಯೇಟರುಗಳಲ್ಲಿ ಬರೀ ಸಿನಿಮಾ ಇರುತ್ತಿರಲಿಲ್ಲ. ಸಿನಿಮಾ ಜೊತೆಗೆ ಕುಣಿತ, ಹಾಸ್ಯ, ಜಾದೂ, ವಾದ್ಯಗೋಷ್ಠಿ ಎಲ್ಲ ಒಂದೇ ಟಿಕೆಟ್ಟಿನಲ್ಲಿ. ಸಿನೆ-ವೆರೈಟಿ ಅಂತ ಅದರ ಹೆಸರು. ಹಾಗಾಗಿ ಪರದೆಯ ಹಿಂದೆ ಪೂರ್ತಿ ನಾಟಕದ ಮನೆಯೇ ಇರುತ್ತಿತ್ತು. ಆಳದ ವೇದಿಕೆ, ಸೀನು ಮೇಲೆಳೆಯುವ ಎತ್ತರದ ಜಾಗ, ವಾದ್ಯದವರು ಕೂರುವ ತಗ್ಗು, ಬಣ್ಣ ಹಚ್ಚುವ ಕೋಣೆಗಳು. ಬ್ರಿಕ್ಸ್‌ಟನ್ನಿನಲ್ಲಿ ಕಾಂಪ್ಟನ್ ಕಂಪನಿಯ ದೊಡ್ಡ ಆರ್ಗನ್ ಕೂಡ ಇತ್ತು. ಅಲ್ಲಿನ ವೇದಿಕೆ ಈಗಲೂ ಯೂರೋಪಿನ ಅತಿ ದೊಡ್ಡ ಸ್ಥಿರ ವೇದಿಕೆಗಳಲ್ಲಿ ಒಂದು.

ಅದಕ್ಕೂ ಮುಖ್ಯವಾದದ್ದು ನೆಲ. ಸಿನಿಮಾ ಮಂದಿರದ ನೆಲ ಪರದೆಯ ಕಡೆಗೆ ಇಳಿಜಾರು ಇರುತ್ತದೆ, ಮುಂದಿನವರ ತಲೆ ಅಡ್ಡ ಬರಬಾರದು ಅಂತ. ಕೆಳಗಿನ ಸೀಟು ತೆಗೆದು ಜನರನ್ನು ನಿಲ್ಲಿಸಿದರೂ ಆ ಇಳಿಜಾರು ಹಾಗೇ ಉಳಿಯುತ್ತದೆ. ಸಪಾಟು ನೆಲದ ಹಾಲಿನಲ್ಲಿ ಹಿಂದೆ ನಿಂತರೆ ಕಾಣುವುದು ಬರೀ ಬೆನ್ನು. ಬ್ರಿಕ್ಸ್‌ಟನ್ನಿನಲ್ಲಿ ಕೊನೆಯಲ್ಲಿ ನಿಂತ ಗಿಡ್ಡ ವ್ಯಕ್ತಿಗೂ ಹಾಡುವವರ ಮುಖ ಕಾಣುತ್ತದೆ. ಈಗ ಅಲ್ಲಿ 4,921 ಜನರಿಗೆ ಜಾಗ. ಅಷ್ಟು ಜನ ಇದ್ದೂ ಚಿಕ್ಕ ಜಾಗ ಅನಿಸುತ್ತದೆ ಅಂತ ಹೋಗಿ ಬಂದವರೆಲ್ಲ ಹೇಳುವುದಕ್ಕೆ ಕಾರಣ ಈ ನೆಲ.

ಸೌಂಡ್ ವಿಷಯ ಸ್ವಲ್ಪ ತೊಡಕು. ಗಾರೆಯ ಗೋಡೆ, ಬಳುಕಿದ ಸೂರು, ಮೈಕ್ ಇಲ್ಲದ ಗಂಟಲಿಗೆ ಚೆನ್ನ. ಡ್ರಮ್ಮು, ಬಾಸ್ ಗಿಟಾರ್ ಬಂದರೆ ತಗ್ಗಿನ ಸ್ವರ ಗುಂಯ್ ಅಂತ ಉಳಿದುಬಿಡುತ್ತದೆ. ಸಂಜೆ ಖಾಲಿ ಹಾಲಿನಲ್ಲಿ ಸೌಂಡ್ ಚೆಕ್ ಮಾಡಿದಾಗ ಭಯವಾಗುತ್ತದೆ. ಜನ ತುಂಬಿದ ಮೇಲೆ ಅವರ ಮೈಯೇ ಅರ್ಧ ಗದ್ದಲವನ್ನು ಹೀರುತ್ತದೆ. ಅದಕ್ಕೇ ಹಳೇ ಥಿಯೇಟರಿನಲ್ಲಿ ಸಂಜೆ ಕೂರಿಸಿದ ಲೆಕ್ಕ ರಾತ್ರಿಗೆ ಸರಿಹೋಗುವುದಿಲ್ಲ. ಮೊದಲ ಎರಡು ಹಾಡು ಪೂರ್ತಿ ಕಿವಿಯ ಮೇಲೆ ನಂಬಿಕೆ ಇಟ್ಟು ಕೆಲಸ ಮಾಡಬೇಕು.

ಕಡಲತಡಿ:

ಹೆಂಡ್ರಿಕ್ಸ್ ಪ್ರಶ್ನೆ ನನಗಿರಲಿ! ಅದು ಬ್ರಿಕ್ಸ್‌ಟನ್ ಅಲ್ಲ, ಉತ್ತರ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಅಸ್ಟೋರಿಯಾ. 1967ರ ಮಾರ್ಚ್ 31. ಓದಲು ಬಂದಿದ್ದಾಗ ಎರಡು ವರ್ಷ ಅದರ ಹತ್ತಿರದಲ್ಲೇ ರೂಮ್ ಮಾಡಿದ್ದೆ.

ಇದೂ ಅದೇ ಸ್ಟೋನ್ ಕಟ್ಟಿಸಿದ್ದು, 1930ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಬ್ರಿಕ್ಸ್‌ಟನ್ನಿನ ಒಳಗೆ ಇಟಲಿ ಆದರೆ ಇಲ್ಲಿ ಸ್ಪೇನಿನ ಮೂರಿಶ್ ಊರು, ಅಂದರೆ ಅಲ್ಲಿ ಮುಸ್ಲಿಂ ದೊರೆಗಳು ಆಳಿದ ಕಾಲದ ಶೈಲಿ. ಬಾಗಿಲು ದಾಟಿದ ಕೂಡಲೇ ಹೊಳೆಯುವ ಹೆಂಚಿನ ಅಂಗಳ, ನಡುವೆ ನಕ್ಷತ್ರದ ಆಕಾರದ ಕಾರಂಜಿ. ಸಿನಿಮಾ ಜೊತೆಗೆ ಸಂಗೀತವೂ ನಡೆಯುತ್ತಿತ್ತು. ಬೀಟಲ್ಸ್ ತಂಡ 1963ರ ಕ್ರಿಸ್‌ಮಸ್ ಹೊತ್ತಿಗೆ ಇಲ್ಲಿ ಎರಡು ವಾರಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟಿತ್ತು.

1971ರಲ್ಲಿ ಸಿನಿಮಾ ನಿಂತಿತು. ಅದೇ ನವೆಂಬರ್ 4ರಂದು ರೇನ್‌ಬೋ ಅನ್ನುವ ಹೊಸ ಹೆಸರಿನಲ್ಲಿ 'ದ ಹೂ' ತಂಡದ ಕಾರ್ಯಕ್ರಮದೊಂದಿಗೆ ಮತ್ತೆ ತೆರೆಯಿತು. ಹತ್ತು ವರ್ಷ ಲಂಡನ್ನಿನ ರಾಕ್ ಸಂಗೀತಕ್ಕೆ ಅದೇ ದೊಡ್ಡ ಮನೆ. ಪಿಂಕ್ ಫ್ಲಾಯ್ಡ್, ಡೇವಿಡ್ ಬೋವಿ, ಕ್ವೀನ್, ಎರಿಕ್ ಕ್ಲಾಪ್ಟನ್ ಎಲ್ಲ ಬಂದರು. ಬಾಬ್ ಮಾರ್ಲಿ 1977ರ ಜೂನ್‌ನಲ್ಲಿ ಹಾಡಿದ್ದು ಚಿತ್ರೀಕರಣ ಆಗಿ ಉಳಿದಿದೆ, ದಯವಿಟ್ಟು ನೋಡಿ. ಕೆಟ್ಟದ್ದೂ ಆಗಿದೆ. 1971ರ ಡಿಸೆಂಬರ್‌ನಲ್ಲಿ ಪ್ರೇಕ್ಷಕನೊಬ್ಬ ವೇದಿಕೆ ಹತ್ತಿ ಫ್ರ್ಯಾಂಕ್ ಝಪ್ಪಾ ಅವರನ್ನು ತಳ್ಳಿದ. ಅವರು ಬಿದ್ದದ್ದು ಮಿಕ್ಸರ್ ಸರ್ ಹೇಳಿದ ಅದೇ ವಾದ್ಯದವರ ತಗ್ಗಿಗೆ. ತಿಂಗಳುಗಟ್ಟಲೆ ಗಾಲಿಕುರ್ಚಿಯಲ್ಲಿ ಇರಬೇಕಾಯಿತು.

1981ರ ಕೊನೆಗೆ ರೇನ್‌ಬೋ ಮುಚ್ಚಿತು. ಹದಿಮೂರು ಹದಿನಾಲ್ಕು ವರ್ಷ ಸುಮ್ನೆ ಬಿದ್ದಿತ್ತು. 1995ರಲ್ಲಿ ಬ್ರೆಜಿಲ್ ಮೂಲದ ಒಂದು ಚರ್ಚಿನವರು ಕೊಂಡು ರಿಪೇರಿ ಮಾಡಿಸಿದರು. ಈಗ ಅದು ಪ್ರಾರ್ಥನಾ ಮಂದಿರ. ನಾನು ಒಂದು ದಿನ ಅಂಜುತ್ತಾ ಒಳಗೆ ಹೋದೆ. ಬಾಗಿಲಲ್ಲಿದ್ದ ಅಮ್ಮ ಯಾರು, ಏನು ಅಂತ ಕೇಳಲಿಲ್ಲ. ಕಾರಂಜಿ ನೋಡಬೇಕಿತ್ತು ಅಂದೆ. ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. ಅಲ್ಲೇ ಪಕ್ಕದಲ್ಲಿ ಹತ್ತು ನಿಮಿಷ ಕೂತಿದ್ದೆ.

ಥೇಮ್ಸ್‌ದಂಡೆ:

ಕಡಲತಡಿ ಮೇಡಂ, ತುಂಬಾ ಸಂತೋಷ ಆಯಿತು. ನೀವು ತಂಗಿಯ ಕಥೆ ಹೇಳಿದಿರಿ. ನಾನು ಅಕ್ಕನ ಕಥೆ ಮುಂದುವರಿಸುತ್ತೇನೆ.

ಬ್ರಿಟನ್ನಿನಲ್ಲಿ ಸಿನಿಮಾಕ್ಕೆ ಜನ ಅತಿ ಹೆಚ್ಚು ಹೋದದ್ದು 1946ರಲ್ಲಿ. ಆ ಒಂದು ವರ್ಷ ಮಾರಿದ ಟಿಕೆಟ್ ಸುಮಾರು 163 ಕೋಟಿ. 1984ರ ಹೊತ್ತಿಗೆ ಅದು ಸುಮಾರು 5.4 ಕೋಟಿಗೆ ಇಳಿದಿತ್ತು. ಮನೆಗೆ ಟಿವಿ ಬಂತು, ಜನ ನಗರದ ನಡುವಿನಿಂದ ಹೊರವಲಯಕ್ಕೆ ಹೋದರು. ಸಾವಿರಾರು ಸೀಟಿನ ಮನೆಗೆ ಒಂದು ಸಂಜೆ ಐವತ್ತು ಜನ ಬಂದರೆ ಹೀಟರಿನ ಖರ್ಚೂ ಹುಟ್ಟುವುದಿಲ್ಲ.

ಬ್ರಿಕ್ಸ್‌ಟನ್ ಅಸ್ಟೋರಿಯಾದಲ್ಲಿ ಕೊನೆಯ ಸಿನಿಮಾ ಓಡಿದ್ದು 1972ರ ಜುಲೈ 29ರಂದು. ಅದೇ ಸೆಪ್ಟೆಂಬರ್‌ನಲ್ಲಿ ಸನ್‌ಡೌನ್ ಎಂಬ ಹೆಸರಿನಲ್ಲಿ ಸಂಗೀತದ ಮನೆ ಮಾಡಿ ನೋಡಿದರು, ಡೀಪ್ ಪರ್ಪಲ್ ತಂಡ ಬಂದು ಹಾಡಿತು. ನಡೆಯಲಿಲ್ಲ. ಮರುವರ್ಷ ಜನವರಿಗೇ ಬಾಗಿಲು ಬಿತ್ತು. ಆಮೇಲೆ ಒಡೆದು ಕಾರು ಮಾರುವ ಮಳಿಗೆ ಕಟ್ಟುವ ಯೋಚನೆ ನಡೆಯಿತು.

ಇಲ್ಲೇ ಕಥೆ ತಿರುಗಿದ್ದು. 1974ರಲ್ಲಿ ಕಟ್ಟಡವನ್ನು ಸರ್ಕಾರದ ಸಂರಕ್ಷಿತ ಪಟ್ಟಿಗೆ ಸೇರಿಸಿದರು, ಅದೂ ಎರಡನೇ ದರ್ಜೆಯಲ್ಲೇ ಮೇಲಿನ ಸಾಲಿಗೆ. ಇನ್ನು ಅನುಮತಿ ಇಲ್ಲದೆ ಒಂದು ಗಾರೆಯ ಹೂವನ್ನೂ ಕೀಳುವ ಹಾಗಿಲ್ಲ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಮನೆಯಲ್ಲಿ ದೀಪ ಹತ್ತುವುದಿಲ್ಲ. ಕೆಲವು ವರ್ಷ ಅದು ಸಾಮಾನು ತುಂಬುವ ಗೋದಾಮಾಗಿತ್ತು. ಇಟಲಿಯ ಆಕಾಶದ ಕೆಳಗೆ ಹಳೇ ಸಲಕರಣೆಯ ರಾಶಿ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ.

1981 ಬ್ರಿಕ್ಸ್‌ಟನ್ನಿಗೆ ಕಷ್ಟದ ವರ್ಷ. ಊರಿನ ಹಿನ್ನೆಲೆ ಸ್ವಲ್ಪ ಹೇಳಬೇಕು. 1948ರಲ್ಲಿ ವಿಂಡ್‌ರಷ್ ಹಡಗಿನಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದವರಲ್ಲಿ ಉಳಿಯಲು ಜಾಗ ಇಲ್ಲದವರನ್ನು ಕ್ಲಾಪಮ್ಮಿನ ನೆಲದಡಿಯ ಯುದ್ಧಕಾಲದ ಆಶ್ರಯದಲ್ಲಿ ಇಳಿಸಿದ್ದರು. ಅವರಿಗೆ ಹತ್ತಿರದ ಕೆಲಸದ ಕಚೇರಿ ಇದ್ದದ್ದು ಬ್ರಿಕ್ಸ್‌ಟನ್ನಿನಲ್ಲಿ. ಹಾಗೆ ಇಲ್ಲೇ ನೆಲೆ ನಿಂತರು. ಮಕ್ಕಳ ಕಾಲಕ್ಕೆ ಕೆಲಸ ಇಲ್ಲ, ಬೀದಿಯಲ್ಲಿ ಪೊಲೀಸರು ತಡೆದು ತಡೆದು ಜೇಬು ತಡಕುವುದು. 1981ರ ಏಪ್ರಿಲ್‌ನಲ್ಲಿ ಸಿಟ್ಟು ಒಡೆಯಿತು, ಊರು ಹೊತ್ತಿ ಉರಿಯಿತು. ಅದೇ ವರ್ಷ 'ಫೇರ್ ಡೀಲ್' ಎಂಬ ಹೆಸರಿನಲ್ಲಿ ಥಿಯೇಟರ್ ಮತ್ತೆ ತೆರೆಯಿತು. ಯುಬಿ40 ತಂಡ ಹಾಡಿತು, ಮುಂದೆ ಕ್ಲ್ಯಾಶ್ ತಂಡ ಬಂತು. 1982ಕ್ಕೆ ಅದೂ ಮುಚ್ಚಿತು.

1983ರಲ್ಲಿ ಸೈಮನ್ ಪಾರ್ಕ್ಸ್ ಎಂಬ ಇಪ್ಪತ್ತಮೂರರ ಹುಡುಗ ಬಂದ. ಒಂದು ಬ್ರೂವರಿಯಿಂದ ಈ ಜಾಗವನ್ನು ತೆಗೆದುಕೊಂಡ. ಕೊಟ್ಟ ಹಣ ಒಂದು ಪೌಂಡ್. ಹೌದು, ಒಂದೇ. ಬದಲಿಗೆ ಅವರ ಬಿಯರನ್ನೇ ಮಾರಬೇಕು ಅನ್ನುವ ಒಪ್ಪಂದ. ಹೆಸರು ಬ್ರಿಕ್ಸ್‌ಟನ್ ಅಕಾಡೆಮಿ ಅಂತಾಯಿತು.

ಮೊದಲ ದಿನಗಳಲ್ಲಿ ದೊಡ್ಡ ರಾಕ್ ತಂಡಗಳು ಈ ಊರಿಗೆ ಬರಲು ಹಿಂದೆಮುಂದೆ ನೋಡುತ್ತಿದ್ದವು. ಬಂದದ್ದು ಊರಿನವರದೇ ಸಂಗೀತ, ಕೆರಿಬಿಯನ್ನಿನ ಜಮೈಕಾದಲ್ಲಿ ಹುಟ್ಟಿದ ರೆಗ್ಗೇ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಹನ್ನೊಂದು ವರ್ಷದಲ್ಲಿ ಸನ್‌ಡೌನ್, ಫೇರ್ ಡೀಲ್ ಎರಡೂ ಸೋತ ಜಾಗ ಅದು. ಅಕ್ಕಪಕ್ಕದ ಬೀದಿಯವರು ತಮ್ಮ ಹಾಡು ಕೇಳಲು ನಡೆದುಕೊಂಡು ಬಂದದ್ದರಿಂದ ಆ ಮನೆ ಕಾಲೂರಿತು. ಹೊರಗಿನ ದೊಡ್ಡ ಹೆಸರುಗಳು ಆಮೇಲೆ ಬಂದವು. ಸ್ಮಿತ್ಸ್ ತಂಡದ ಕೊನೆಯ ಕಾರ್ಯಕ್ರಮ ಇಲ್ಲೇ, 1986ರ ಡಿಸೆಂಬರ್ 12. ಬಾಬ್ ಡಿಲನ್ 2005ರಲ್ಲಿ ಸಾಲಾಗಿ ಐದು ರಾತ್ರಿ ಹಾಡಿದರು. ಪಾರ್ಕ್ಸ್ ಮಾತ್ರ 1990ರ ದಶಕದ ನಡುವೆ ಮಾರಿ ಹೊರಟಿದ್ದರು.

ಹಳೇಟಿಕೆಟ್:

ಅಕ್ಕ ತಂಗಿ ಅಂದಿರಿ. ಹಾಗಾದರೆ ಒಟ್ಟು ಎಷ್ಟು ಜನ?

ಥೇಮ್ಸ್‌ದಂಡೆ:

ಐವರು. ಎಲ್ಲರಿಗೂ ಒಂದೇ ಹೆಸರು, ಎಲ್ಲವೂ ಸ್ಟೋನ್ ಕೆಲಸ.

ಮೊದಲನೆಯದು ಚೇರಿಂಗ್ ಕ್ರಾಸ್ ರಸ್ತೆಯದು, 1927. ಅದಕ್ಕೂ ಮುಂಚೆ ಆ ಕಟ್ಟಡ ಉಪ್ಪಿನಕಾಯಿ, ಜಾಮ್ ಕಂಪನಿಯೊಂದರದ್ದು. 1985ರಿಂದ ಅದೂ ಹೆಸರಾಂತ ಸಂಗೀತದ ಮನೆ. 2009ರ ಜನವರಿಯಲ್ಲಿ ಕೊನೆಯ ಕಾರ್ಯಕ್ರಮ. ಕ್ರಾಸ್‌ರೈಲ್ ಎಂಬ ಹೊಸ ರೈಲು ಮಾರ್ಗಕ್ಕಾಗಿ, ಟಾಟನಮ್ ಕೋರ್ಟ್ ರೋಡ್ ಸ್ಟೇಷನ್ ದೊಡ್ಡದು ಮಾಡಲು ಒಡೆದರು. ಎರಡನೆಯದು ಬ್ರಿಕ್ಸ್‌ಟನ್. ಓಲ್ಡ್ ಕೆಂಟ್ ರಸ್ತೆಯದು 1968ರಲ್ಲೇ ಮುಚ್ಚಿತು, ಆಮೇಲೆ ನೆಲಸಮ. ಫಿನ್ಸ್‌ಬರಿ ಪಾರ್ಕಿನದು ಚರ್ಚು. ಸ್ಟ್ರೆಟಮ್ಮಿನದು ಈಜಿಪ್ಟ್ ಶೈಲಿ. ಅದರಲ್ಲಿ ಮಾತ್ರ ಇವತ್ತಿಗೂ ಸಿನಿಮಾ ಓಡುತ್ತಿದೆ, ಆದರೆ ಒಳಗೆ ಗೋಡೆ ಹಾಕಿ ಹಲವು ಪರದೆ ಮಾಡಿದ್ದಾರೆ.

ಹಳೇಟಿಕೆಟ್:

ಸ್ಟೇಷನ್ನಿಗಾಗಿ ಒಡೆದರು ಅಂದಾಗ ಎದೆ ಧಸಕ್ ಅಂತು. ನಮ್ಮ ಎಂ.ಜಿ. ರಸ್ತೆಯ ಪ್ಲಾಜಾ ಕೂಡ ಮೆಟ್ರೋಗೇ ಹೋಯಿತು. ಅಪ್ಪ ಇಂಗ್ಲಿಷ್ ಸಿನಿಮಾ ನೋಡಲು ಕರೆದುಕೊಂಡು ಹೋಗುತ್ತಿದ್ದರು. ಅರ್ಥ ಆಗುತ್ತಿರಲಿಲ್ಲ, ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಪೂರ್ತಿ ಕಥೆ ಹೇಳುತ್ತಿದ್ದರು. ಬಿ.ಆರ್.ವಿ. ಥಿಯೇಟರ್ ಸೈನ್ಯದ ಕ್ಯಾಂಟೀನಾಯಿತು. ಕಟ್ಟಡವಾದರೂ ನಿಂತಿತು ಅನ್ನೋದೇ ಸಮಾಧಾನ.

ಬೆಂಗಳೂರಿನಲ್ಲಿ ಸ್ವಲ್ಪ ಹತ್ತಿರದ ಉದಾಹರಣೆ ಅಂದರೆ ಬ್ರಿಗೇಡ್ ರಸ್ತೆ ಮೂಲೆಯ ಒಪೆರಾ ಹೌಸ್. ನಾಟಕ ಇತ್ತು, ಸಿನಿಮಾ ಇತ್ತು, ವರ್ಷಗಟ್ಟಲೆ ಪಾಳು ಬಿದ್ದಿತ್ತು. 2018ರಲ್ಲಿ ಮೊಬೈಲ್ ಕಂಪನಿಯೊಂದು ಚೆನ್ನಾಗಿ ರಿಪೇರಿ ಮಾಡಿಸಿ ತನ್ನ ಮಳಿಗೆ ಮಾಡಿಕೊಂಡಿತು. ಮುಂಬಯಿಯ ರಾಯಲ್ ಒಪೆರಾ ಹೌಸ್ ಇನ್ನೂ ಮುಂದೆ ಹೋಗಿದೆ. ಅದೂ ಎಷ್ಟೋ ವರ್ಷ ಸಿನಿಮಾ ಮಂದಿರವಾಗಿತ್ತು, 1993ರಲ್ಲಿ ಮುಚ್ಚಿತ್ತು, 2016ರಲ್ಲಿ ಮತ್ತೆ ಹಾಡು ಕೇಳಿಸಿತು. ನಮ್ಮ ಊರುಗಳಲ್ಲಿ ಮುಚ್ಚಿ ಕೂತಿರುವ ಟಾಕೀಸುಗಳಲ್ಲಿ ಒಂದಾದರೂ ಹೀಗೆ ಆಗಬಾರದಾ? ಸುಗಮ ಸಂಗೀತ, ನಾಟಕ, ಯಕ್ಷಗಾನ, ಬ್ಯಾಂಡು, ಏನು ಕಮ್ಮಿ ಇದೆ ನಮ್ಮಲ್ಲಿ?

ಮಿಕ್ಸರ್‌ಮೇಜು:

ಕಮ್ಮಿ ಏನಿಲ್ಲ. ಆದರೆ ನಮ್ಮ 1960, 70ರ ದಶಕದ ಟಾಕೀಸುಗಳನ್ನು ಬರೀ ಸಿನಿಮಾಕ್ಕೆ ಅಂತಲೇ ಕಟ್ಟಿದ್ದು. ಎಷ್ಟೋ ಕಡೆ ಪರದೆಯ ಹಿಂದೆ ಸ್ಪೀಕರ್ ಇಡುವಷ್ಟೇ ಜಾಗ. ಅದಕ್ಕೂ ಹಳೆಯವು, ನಾಟಕ ಕಂಪನಿಗಳು ಆಡಿ ಹೋದವು, ಅಂಥವನ್ನು ಹುಡುಕಬೇಕು. ನಿಮ್ಮೂರಿನಲ್ಲಿ ಅಂಥದ್ದು ಇದ್ದರೆ ವೇದಿಕೆಯ ಆಳ ಎಷ್ಟು ಹೆಜ್ಜೆ ಅಂತ ಅಳೆದು ಇಲ್ಲಿ ಬರೆಯಿರಿ. ನಿಜವಾಗಿ ಕೇಳುತ್ತಿದ್ದೇನೆ.

ಇನ್ನೊಂದು ಮಾತು. ಸಿನಿಮಾ ಜನ ಮೂರು ಗಂಟೆಯಲ್ಲಿ ಬಂದು ಕೂತು ಹೋಗುತ್ತಾರೆ. ಸಂಗೀತದ ಜನ ಒಂದೇ ಸಲ ಬಂದು ಒಂದೇ ಬಾಗಿಲಿಗೆ ಒತ್ತುತ್ತಾರೆ. ಹಳೇ ಕಟ್ಟಡದಲ್ಲಿ ಅದು ದೊಡ್ಡ ಪ್ರಶ್ನೆ. ಬ್ರಿಕ್ಸ್‌ಟನ್ನಿನಲ್ಲಿ 2022ರಲ್ಲಿ ಆದದ್ದನ್ನು ಬಿಟ್ಟು ಈ ಕಥೆ ಹೇಳಬಾರದು.

ಥೇಮ್ಸ್‌ದಂಡೆ:

ನಿಜ. ಬರೆಯಲು ಕೈ ಬರುತ್ತಿರಲಿಲ್ಲ, ಅದಕ್ಕೇ ನಿಲ್ಲಿಸಿದ್ದೆ.

2022ರ ಡಿಸೆಂಬರ್ 15. ನೈಜೀರಿಯಾದ ಗಾಯಕ ಅಸಾಕೆ ಅವರ ಕಾರ್ಯಕ್ರಮ. ಮುಂಬಾಗಿಲಲ್ಲಿ ನೂಕುನುಗ್ಗಲಾಯಿತು. ಇಬ್ಬರು ತೀರಿಹೋದರು. ಒಬ್ಬರು ಹಾಡು ಕೇಳಲು ಬಂದವರು, ಇನ್ನೊಬ್ಬರು ಅಂದು ಭದ್ರತಾ ಕೆಲಸದಲ್ಲಿದ್ದ ಇಪ್ಪತ್ತಮೂರರ ಪ್ರಾಯದವರು. ಆ ವಾರ ಇಡೀ ಬಾಗಿಲ ಮುಂದೆ ಹೂವಿನ ರಾಶಿ ಇತ್ತು. ನಾನು ದಿನಾ ಆ ದಾರಿಯಲ್ಲೇ ನಡೆದೆ, ಒಂದು ದಿನವೂ ನಿಲ್ಲದೆ ದಾಟಲು ಆಗಲಿಲ್ಲ.

ಲೈಸೆನ್ಸ್ ಅಮಾನತಾಯಿತು. ಶಾಶ್ವತವಾಗಿ ಮುಚ್ಚಬೇಕು ಅನ್ನುವ ಮಾತೂ ಬಂತು, ಉಳಿಸಿ ಅಂತ ಸಾವಿರಾರು ಜನ ಸಹಿ ಹಾಕಿದರು. ಇಲ್ಲಿನ ಸ್ಥಳೀಯ ಆಡಳಿತವಾದ ಲ್ಯಾಂಬೆತ್ ಕೌನ್ಸಿಲ್ 2023ರ ಸೆಪ್ಟೆಂಬರ್‌ನಲ್ಲಿ 77 ಷರತ್ತು ಹಾಕಿ ತೆರೆಯಲು ಒಪ್ಪಿತು. ಗಟ್ಟಿ ಬಾಗಿಲು, ಜನರನ್ನು ಸಾಲು ಮಾಡುವ ಹೊಸ ಕ್ರಮ, ಟಿಕೆಟ್ ನೋಡುವ ಹೊಸ ರೀತಿ, ಹೀಗೆ. ಮತ್ತೆ ಶುರುವಾದದ್ದು 2024ರ ಏಪ್ರಿಲ್ 19ಕ್ಕೆ. 1929ರಲ್ಲಿ ಸಿನಿಮಾ ಜನರಿಗೆ ಅಂತ ಮಾಡಿದ ಬಾಗಿಲು ಅದು. ಹಳೇ ಕಟ್ಟಡವನ್ನು ಪ್ರೀತಿಸುವವರು ಮೊದಲು ಬಾಗಿಲನ್ನು ನೋಡಬೇಕು, ಆಮೇಲೆ ಗುಮ್ಮಟ.

ಕಡಲತಡಿ:

ಓದಿ ಮನಸ್ಸು ಭಾರವಾಯಿತು. ಆದರೂ ಹೇಳಿದ್ದು ಒಳ್ಳೆಯದಾಯಿತು ಸರ್.

ಮುಂದಿನ ತಿಂಗಳು ತಮ್ಮನ ಜೊತೆ ಲಂಡನ್ನಿಗೆ ಬರುತ್ತಿದ್ದೇನೆ. ಅವನು ಗಿಟಾರ್ ಕಲಿಯುತ್ತಿದ್ದಾನೆ. ಬ್ರಿಕ್ಸ್‌ಟನ್ನಿನಲ್ಲಿ ಒಂದು ಕಾರ್ಯಕ್ರಮಕ್ಕೆ ಟಿಕೆಟ್ ತೆಗೆದಿದ್ದೇವೆ, ಕೆಳಗೆ ನಿಲ್ಲುವ ಟಿಕೆಟ್. ಎಲ್ಲಿ ನಿಂತರೆ ಚೆನ್ನ?

ಥೇಮ್ಸ್‌ದಂಡೆ:

ಬೇಗ ಬನ್ನಿ, ಆತುರಪಡಬೇಡಿ, ಸಾಲಿನಲ್ಲೇ ಇರಿ. ಒಳಗೆ ಹೋದ ಮೇಲೆ ಮುಂದಕ್ಕೆ ಓಡಬೇಡಿ. ಹಿಂದಿನಿಂದ ಇಳಿಯುತ್ತಾ ಬಂದರೆ ಸೌಂಡ್ ಮೇಜು ಸಿಗುತ್ತದೆ, ಅದರ ಸ್ವಲ್ಪ ಮುಂದೆ ಎಡಕ್ಕೆ ನಿಲ್ಲಿ. ವೇದಿಕೆ ಪೂರ್ತಿ ಕಾಣುತ್ತದೆ, ಮಿಕ್ಸರ್ ಸರ್ ಹೇಳಿದ ಗುಂಯ್ ಅನ್ನುವುದೂ ಅಲ್ಲಿ ಕಮ್ಮಿ. ಕಾರ್ಯಕ್ರಮ ಶುರುವಾಗುವ ಮುಂಚೆ, ದೀಪ ಇನ್ನೂ ಉರಿಯುತ್ತಿರುವಾಗ, ತಮ್ಮನಿಗೆ ಒಂದು ಸಲ ತಲೆ ಎತ್ತಿ ಸೂರು ನೋಡಲು ಹೇಳಿ. ಬರುವ ದಿನ ಇಲ್ಲೇ ತಿಳಿಸಿ. ನಮ್ಮ ಮನೆ ಅಲ್ಲಿಂದ ಎಂಟು ನಿಮಿಷದ ನಡಿಗೆ. ಊಟ ಮಾಡಿಕೊಂಡೇ ಹೋಗುವಿರಂತೆ.

ಗಾಂಧಿಕ್ಲಾಸ್:

ನಾನು ಇವತ್ತು ಸಂಜೆ ನಮ್ಮೂರಿನ ಮುಚ್ಚಿದ ಟಾಕೀಸಿನ ವಾಚ್‌ಮನ್ ಅವರನ್ನು ಕೇಳಿಕೊಂಡು ಒಳಗೆ ಹೋಗಿ ಬಂದೆ. ತಗಡಿನದ್ದಲ್ಲ, ಪೇಟೆಯಲ್ಲಿರುವ ಇನ್ನೊಂದು, ಹಿಂದೆ ನಾಟಕ ಕಂಪನಿ ಆಡುತ್ತಿದ್ದದ್ದು. ಪರದೆ ಹರಿದು ಜೋತಾಡುತ್ತಿದೆ. ಮಿಕ್ಸರ್ ಸರ್, ಅದರ ಹಿಂದೆ ವೇದಿಕೆ ಇದೆ. ಅಳೆದೆ. ಹದಿನಾಲ್ಕು ಹೆಜ್ಜೆ.